ಸೊನ್ನೆಯ ನಂತರವೂ ಕುಳಿತಿರತಕ್ಕದ್ದರ ಬಗ್ಗೆ

ಮಾರ್ಲೋ ಕ್ರೀಕ್ ಪುರಸಭೆ, ನೆಬ್ರಾಸ್ಕಾ
ಉದ್ಯಾನ, ಮೈದಾನ ಮತ್ತು ಈಜುಕೊಳ ಇಲಾಖೆ

ಸುತ್ತೋಲೆ ಸಂಖ್ಯೆ: ಉಮೈಈ/ಸಾಕರ್/ಸೊನ್ನೆ/3
ದಿನಾಂಕ: 9ನೇ ಅಕ್ಟೋಬರ್, ಬುಧವಾರ

ವಿಷಯ: ಹಳೆಯ ಮೈದಾನದಲ್ಲಿ ನಡೆಯುವ ಸಾಕರ್ ಪಂದ್ಯಗಳಲ್ಲಿ ಅಂಕ ಫಲಕದ ಇಳಿಯೆಣಿಕೆ ಗಡಿಯಾರ ಸೊನ್ನೆ ತೋರಿಸಿದ ಕೂಡಲೇ ಸಾರ್ವಜನಿಕರು ಎದ್ದು ಕಾರಿನ ಕಡೆಗೆ ಓಡುತ್ತಿರುವ ಬಗ್ಗೆ.

ಉಲ್ಲೇಖ: 1) ಹಳೆಯ ಮೈದಾನದ ಕುರಿತು ಪುರಸಭೆಯ ನಿರ್ಣಯ.
2) ರೆಫ್ರಿ ಶ್ರೀ ಎಲ್ಡನ್ ಪ್ರೈಸ್ ಅವರ ವರದಿ, ದಿನಾಂಕ 5ನೇ ಅಕ್ಟೋಬರ್.
3) ಶ್ರೀ ಮರ್ಲ್ ಸ್ಟೂಕಿಯವರು 7ರ ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಆಡಿದ ಮಾತು.
4) ಅವರೇ ಅದೇ ಮಾತನ್ನು 8ರ ಬೆಳಿಗ್ಗೆ ಇನ್ನೂ ಜೋರಾಗಿ ಆಡಿದ್ದು.

ಪ್ರಸ್ತಾವನೆ:

ಉಲ್ಲೇಖ (1)ರ ನಿರ್ಣಯದಂತೆ, ಇದೇ 19ರ ಶನಿವಾರ ನಡೆಯುವ ಋತುವಿನ ಕೊನೆಯ ಪಂದ್ಯದಲ್ಲಿ, ರೆಫ್ರಿಯ ಅಂತಿಮ ಸೀಟಿಯವರೆಗೆ ಕನಿಷ್ಠ ನೂರು ಮಂದಿ ಆಸನದಲ್ಲಿ ಕುಳಿತಿದ್ದರೆ ಮಾತ್ರ, ಹಳೆಯ ಮೈದಾನವನ್ನು ಮುಂದಿನ ವರ್ಷವೂ ಊರಿನ ಹೆಣ್ಣುಮಕ್ಕಳ ಸಾಕರ್ ತಂಡಕ್ಕೆ ಬಿಡಲಾಗುವುದು. ತಪ್ಪಿದಲ್ಲಿ ಹುಲ್ಲು ಕಿತ್ತು, ಮೈದಾನವನ್ನು ಟ್ರಾಕ್ಟರ್ ಜಗ್ಗಾಟದ ಸ್ಪರ್ಧೆಗೆ ವಹಿಸಲಾಗುವುದು.

ಹೀಗಿರುವಲ್ಲಿ, ಕಳೆದ 5ರ ಪಂದ್ಯದಲ್ಲಿ ನೂರಾ ನಲವತ್ತು ಮಂದಿ ಹಾಜರಿದ್ದು, ಅಂಕ 0–0 ಇರುವಾಗ ಗಡಿಯಾರ ಸೊನ್ನೆ ತಲುಪಿದ್ದರಿಂದ, ಗಡಿಯಾರ ನಿರ್ವಾಹಕರಾದ ಶ್ರೀ ಲ್ಯಾಂಬರ್ಟ್ ಕೊಪೆಕಿಯವರು ವಾಡಿಕೆಯಂತೆ ಹಾರ್ನ್ ಬಾರಿಸಿ, ಫಲಕದ ಪ್ಲಗ್ ಕಿತ್ತಿರುತ್ತಾರೆ. ಪ್ರೇಕ್ಷಕರು ಬೆಂಚು ಖಾಲಿ ಮಾಡಿರುತ್ತಾರೆ. ಆದರೆ ಈ ಆಟದಲ್ಲಿ ನಡುನಡುವೆ ಪೋಲಾದ ಸಮಯವನ್ನು ರೆಫ್ರಿಯು ಕೊನೆಗೆ ಸೇರಿಸುವುದುಂಟು. ಆ ಸಮಯವು ಫಲಕದಲ್ಲಿರದೆ ರೆಫ್ರಿಯ ಮಣಿಕಟ್ಟಿನಲ್ಲಿ ಇರುವುದರಿಂದ, ಇನ್ನೂ ನಾಲ್ಕು ನಿಮಿಷದ ಆಟ ಬಾಕಿ ಇತ್ತು. ಅದರ ಮೂರನೇ ನಿಮಿಷದಲ್ಲಿ ನಮ್ಮ ತಂಡದ 9ನೇ ಸಂಖ್ಯೆಯ ಕುಮಾರಿ ಟೆಸ್ಸಾ ಕೊಪೆಕಿ ಗೋಲು ಹೊಡೆದಿರುತ್ತಾಳೆ. ಅದು ಅವಳ ಮೊದಲನೆಯ ಗೋಲಾಗಿದ್ದು, ಊರಿನ ಒಬ್ಬರೂ ನೋಡಿರುವುದಿಲ್ಲ.

ರೆಫ್ರಿಯವರು ವರದಿಯ ಕೊನೆಯಲ್ಲಿ ಕೈಬರಹದಲ್ಲಿ ಸೇರಿಸಿರುವುದು: "ಹುಡುಗಿ ಎರಡೂ ಕೈ ಎತ್ಕೊಂಡು ಬೆಂಚಿನ ಕಡೆಗೇ ಓಡಿದ್ಲು ರೀ. ಅಲ್ಲಿ ಯಾರೂ ಇರ್ಲಿಲ್ಲ. ಅಲ್ಲೇ ನಿಂತ್ಬಿಟ್ಲು. ಜೊತೆಯವರು ಬಂದು ತಬ್ಕೊಂಡ್ರೂ ಖಾಲಿ ಬೆಂಚನ್ನೇ ನೋಡ್ತಿದ್ಲು."

ಸದರಿ ಶ್ರೀ ಕೊಪೆಕಿಯವರು ಕೆಳಸಹಿದಾರರಾದ ಡೋರೀನ್ ಕೊಪೆಕಿಯವರ ತಂದೆಯಾಗಿದ್ದು, ಸದರಿ ಕುಮಾರಿಯು ಕೆಳಸಹಿದಾರರ ಮಗಳಾಗಿರುತ್ತಾಳೆ. ಈ ಸಂಬಂಧದಿಂದ ಸುತ್ತೋಲೆಯ ನಿಷ್ಪಕ್ಷಪಾತಕ್ಕೆ ಯಾವುದೇ ಧಕ್ಕೆ ಇಲ್ಲವೆಂದು ಕೆಳಸಹಿದಾರರೇ ಪ್ರಮಾಣೀಕರಿಸಿರುತ್ತಾರೆ.

ಜನರು ಈ ಆಟಕ್ಕೆ ಏಕೆ ಒಗ್ಗುತ್ತಿಲ್ಲವೆಂದು ಇಲಾಖೆಯು ವಿಚಾರಣೆ ನಡೆಸಿ, ಈ ಕೆಳಗಿನ ಹೇಳಿಕೆಗಳನ್ನು ಯಥಾವತ್ತಾಗಿ ದಾಖಲಿಸಿದೆ.

ಶ್ರೀ ಮರ್ಲ್ ಸ್ಟೂಕಿ, ದನ ಸಾಕಣೆದಾರರು: "ಏನಮ್ಮಾ ಡೋರೀನ್, ಒಂದೂವರೆ ಗಂಟೆ ಕೂತು ಸೊನ್ನೆ–ಸೊನ್ನೆ ನೋಡೋಕೆ ನಮ್ಮನೇಲಿ ದನ ಇಲ್ವಾ? ಅವೂ ಹುಲ್ಲಿನ ಮೇಲೇ ಓಡಾಡ್ತವೆ, ಅವೂ ಗೋಲ್ ಹೊಡಿಯಲ್ಲ. ಹಾರ್ನ್ ಆದ್ಮೇಲೆ ಹೊಡೆದ ಗೋಲು ಲೆಕ್ಕಕ್ಕಿಲ್ಲ, ಬರ್ಕೋ."

ಶ್ರೀಮತಿ ವಿಲ್ಮಾ ಜಾನ್ಸೆನ್, ಮೈದಾನದ ತಿಂಡಿ ಅಂಗಡಿ: "ಫುಟ್‌ಬಾಲಲ್ಲಿ ಒಂದು ಚೂರು ಆಡ್ತಾರೆ, ಆಮೇಲೆ ನಿಂತ್ಕೋತಾರೆ. ಆ ಸಂದೀಲೇ ಕಣೇ ನನ್ನ ಬೀನ್ಸು ಮಾಂಸದ ಚಿಲ್ಲಿ ಸಾರು, ದಾಲ್ಚಿನ್ನಿ ರೋಲು ಖರ್ಚಾಗೋದು. ಇದ್ರಲ್ಲಿ ನಿಲ್ಲೋದೇ ಇಲ್ಲ ಮುಂಡೇವು, ಸುಮ್ನೆ ಓಡ್ತವೆ. ನನ್ನ ಪಾತ್ರೆ ತುಂಬಿದ್ದು ತುಂಬಿದ್ದ ಹಾಗೇ ಇದೆ."

ಶ್ರೀ ಲ್ಯಾಂಬರ್ಟ್ ಕೊಪೆಕಿ: "ಮೂವತ್ತೆಂಟು ವರ್ಷದಿಂದ ಸೊನ್ನೆ ಅಂದ್ರೆ ಸೊನ್ನೆ ಕಣೇ. ಸೊನ್ನೆ ಆದ್ಮೇಲೂ ಟೈಮಿದೆ ಅಂದ್ರೆ ಗಡಿಯಾರ ಯಾಕೆ? ನಾನ್ಯಾಕೆ?" ಗೋಲಿನ ವೇಳೆ ಎಲ್ಲಿದ್ದಿರಿ ಎಂದು ಕೇಳಲಾಗಿ: "ವೈರ್ ಸುತ್ತಾ ಇದ್ದೆ. ಬೆನ್ನು ಮೈದಾನದ ಕಡೆ ಇತ್ತು. ಕೂಗು ಕೇಳಿಸ್ತು, ಯಾರೋ ಬಿದ್ರೇನೋ ಅನ್ಕೊಂಡೆ." ನಂತರ ಟೋಪಿ ತೆಗೆದು ಅದರ ಒಳಗಡೆ ನೋಡುತ್ತಾ ಕುಳಿತಿರುತ್ತಾರೆ.

ಮೇಲ್ಕಂಡ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಸಮಸ್ತರಿಗೂ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ಈ ಸುತ್ತೋಲೆಯಲ್ಲಿ "ಫುಟ್‌ಬಾಲ್" ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. "ಸಾಕರ್" ಎಂದರೆ ಚೆಂಡನ್ನು ಕಾಲಿನಲ್ಲಿ ಒದೆಯುವ ಆಟ. ಈ ಹೆಸರುಗಳು ಅದಲುಬದಲಾಗಿವೆಯೇ ಎಂದು ಯಾರೂ ಇಲಾಖೆಯನ್ನು ಕೇಳತಕ್ಕದ್ದಲ್ಲ.

2. ಇನ್ನು ಮುಂದೆ ಗಡಿಯಾರದ ಸೊನ್ನೆಯನ್ನು "ಸುಮಾರು ಸೊನ್ನೆ" ಎಂದು ಓದಿಕೊಳ್ಳತಕ್ಕದ್ದು. ಹಾಗೆ ಓದಲು ಮನಸ್ಸು ಒಪ್ಪದವರ ಅನುಕೂಲಕ್ಕಾಗಿ ಕೊನೆಯ ಐದು ನಿಮಿಷ ಫಲಕಕ್ಕೆ ಪುರಸಭೆಯ ಈಜುಕೊಳದ ಹೊದಿಕೆಯನ್ನು ಹೊದಿಸಲಾಗುವುದು. ಹೊದಿಕೆಯ ಕೆಳಗೆ ಬಗ್ಗಿ ನೋಡುವುದನ್ನು ನಿಷೇಧಿಸಲಾಗಿದೆ.

3. ಆಟ ನಿಲ್ಲದೇ ಇರುವುದರಿಂದ ಪ್ರೇಕ್ಷಕರೇ ಸರದಿಯ ಮೇಲೆ ನಿಲ್ಲತಕ್ಕದ್ದು. ಚೆಂಡು ಗೆರೆ ದಾಟಿದಾಗ ಬೆಸ ಸಾಲಿನವರು, ಮೂಲೆಯಿಂದ ಒದೆಯುವಾಗ ಸಮ ಸಾಲಿನವರು ಚಿಲ್ಲಿ ತರಲು ಹೋಗಬಹುದು. ಹೋಗುವಾಗಲೂ ಬರುವಾಗಲೂ ಮುಖ ಮೈದಾನದ ಕಡೆಗೇ ಇರಬೇಕಾದ್ದರಿಂದ, ಹೋಗುವಾಗ ಹಿಮ್ಮುಖವಾಗಿ ನಡೆಯತಕ್ಕದ್ದು. ಬಿಸಿ ಚಿಲ್ಲಿಯವರಿಗೆ ಮಾರ್ಗದಲ್ಲಿ ಆದ್ಯತೆ ಇರುತ್ತದೆ.

4. ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯವನ್ನು ರೇಡಿಯೋದಲ್ಲಿ ಕೇಳುತ್ತಾ ಸಾಕರ್ ನೋಡುವವರು ತಪ್ಪು ಹೊತ್ತಿನಲ್ಲಿ ಹರ್ಷೋದ್ಗಾರ ಮಾಡಕೂಡದು. ಕಳೆದ ತಿಂಗಳು ಹೀಗೆ ಎಂಬತ್ತು ಮಂದಿ ಒಟ್ಟಿಗೆ ಎದ್ದು ಕೂಗಿದಾಗ, ಎದುರಾಳಿ ಗೋಲ್‌ಕೀಪರ್ ಗಾಬರಿಯಾಗಿ ಇಲ್ಲದ ಚೆಂಡಿಗೆ ಹಾರಿ ಮೊಣಕೈ ತರಚಿಕೊಂಡಿರುತ್ತಾಳೆ.

5. ಆಫ್‌ಸೈಡ್ ಎಂದರೇನೆಂದು ಒಬ್ಬರಿಗೊಬ್ಬರು ವಿವರಿಸುವುದನ್ನು ತಕ್ಷಣದಿಂದ ನಿಲ್ಲಿಸತಕ್ಕದ್ದು. ಸಾಸಿವೆ ಬಾಟಲಿ ಮತ್ತು ಕೆಚಪ್ ಬಾಟಲಿಗಳನ್ನು ಸಾಲಾಗಿ ಇಟ್ಟು ವಿವರಿಸಲು ಹೋದ ಪರಿಣಾಮವಾಗಿ ಎರಡು ಕುಟುಂಬಗಳ ನಡುವೆ ಮಾತು ನಿಂತಿದೆ. ಬಾಟಲಿಗಳನ್ನು ಸಾಕ್ಷ್ಯವಾಗಿ ಇಲಾಖೆಯ ಫ್ರಿಜ್ಜಿನಲ್ಲಿ ಇಡಲಾಗಿದೆ.

6. ಪಂದ್ಯ ಸಮವಾದಲ್ಲಿ, ಯಾರೂ ಗೆದ್ದಿಲ್ಲ ಎಂಬುದೇ ಫಲಿತಾಂಶವಾಗಿರುತ್ತದೆ. ಆಗಸ್ಟಿನಲ್ಲಿ ಇಂಥ ಪಂದ್ಯ ಮುಗಿದ ಮೇಲೆ ನಲವತ್ತೊಂದು ಮಂದಿ, ಗೆದ್ದವರು ಯಾರೆಂದು ಪ್ರಕಟಿಸುವವರೆಗೆ ಹೋಗುವುದಿಲ್ಲವೆಂದು ಕಾರುಗಳಲ್ಲೇ ಕಾದು ಕುಳಿತಿದ್ದರು. ಮುಂದೆ ಇದನ್ನು ಸಹಿಸಲಾಗದವರು ತಮ್ಮ ಕಾರಿನ ಗಾಜು ಏರಿಸಿಕೊಂಡು, ಒಳಗೆ ಖಾಸಗಿಯಾಗಿ ನಾಣ್ಯ ಚಿಮ್ಮಿ ತೀರ್ಮಾನಿಸಿಕೊಳ್ಳಬಹುದು. ಸದರಿ ತೀರ್ಮಾನವು ಪಕ್ಕದ ಕಾರಿಗೆ ಅನ್ವಯಿಸುವುದಿಲ್ಲ.

7. 19ರಂದು ಎಲ್ಲ ಕಾರಿನ ಕೀಲಿಗಳನ್ನು ಶ್ರೀಮತಿ ಜಾನ್ಸೆನ್ ಅವರ ಬಕೆಟ್ಟಿನಲ್ಲಿ ಹಾಕತಕ್ಕದ್ದು. ಅಂತಿಮ ಸೀಟಿಗೆ ಮುನ್ನ ಕೀಲಿ ಮರಳಿಸಲು ಎರಡೇ ಕಾರಣಗಳನ್ನು ಒಪ್ಪಲಾಗುವುದು: ಹಸು ಕರು ಹಾಕುತ್ತಿರುವುದು, ಅಥವಾ ಜೋಳದ ಕಟಾವು ಯಂತ್ರಕ್ಕೆ ಬೆಂಕಿ ಬಿದ್ದಿರುವುದು. ಶ್ರೀ ಸ್ಟೂಕಿಯವರ ಹಸು ಪ್ರತಿ ಶನಿವಾರ ಕರು ಹಾಕುತ್ತಿರುವುದನ್ನು ಇಲಾಖೆ ಗಮನಿಸಿದೆ.

8. ಕಳೆದ 5ರ ಗೋಲನ್ನು ಊರಿನ ಸಮಸ್ತರೂ ಕಣ್ಣಾರೆ ನೋಡಿದ್ದಾರೆಂದು ಪರಿಭಾವಿಸತಕ್ಕದ್ದು. ಕಾಫಿ ಅಂಗಡಿ, ಕ್ಷೌರದಂಗಡಿ ಮತ್ತು ಚರ್ಚಿನ ಮೆಟ್ಟಿಲುಗಳ ಮೇಲೆ ಅಂಕವನ್ನು 1–0 ಎಂದೇ ಹೇಳತಕ್ಕದ್ದು. ಚೆಂಡು ಎಡಗಾಲಿನಿಂದ ಹೋಯಿತೋ ಬಲಗಾಲಿನಿಂದಲೋ ಎಂದು ಯಾರಾದರೂ ಕೇಳಿದಲ್ಲಿ, ಕೆಮ್ಮತಕ್ಕದ್ದು.

9. ಕಂಡಿಕೆ 8ರಿಂದ ಕೆಳಸಹಿದಾರರನ್ನು ಹೊರತುಪಡಿಸಲಾಗಿದೆ. ಸದರಿ ವೇಳೆಯಲ್ಲಿ ಅವರು ಕಾರು ನಿಲ್ದಾಣದಲ್ಲಿ ಕಿತ್ತಳೆ ಬಣ್ಣದ ಕೋಲು ಬೀಸುತ್ತಾ ಜನರನ್ನು ಮನೆಗೆ ಕಳುಹಿಸುವ ಕರ್ತವ್ಯದಲ್ಲಿದ್ದರು. ಹಿಂತಿರುಗಿ ನೋಡಿದ್ದರೆ ಬೇಲಿಯ ಮೇಲಿನಿಂದ ಕಾಣುತ್ತಿತ್ತು. ನೋಡಿರುವುದಿಲ್ಲ. ಇದಕ್ಕೆ ಯಾವ ನಿಯಮದಡಿಯೂ ವಿನಾಯಿತಿ ಸಿಕ್ಕಿರುವುದಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು ಈ ಸುತ್ತೋಲೆ ಎಂದು ಯಾರಾದರೂ ಆಡಿಕೊಂಡಲ್ಲಿ, ಕೆಳಸಹಿದಾರರ ಆಕ್ಷೇಪಣೆ ಇರುವುದಿಲ್ಲ.

10. 19ರಂದು ಗಡಿಯಾರ ಸುಮಾರು ಸೊನ್ನೆ ತಲುಪಿದ ಕೂಡಲೇ ಶ್ರೀ ಲ್ಯಾಂಬರ್ಟ್ ಕೊಪೆಕಿಯವರು ಹಾರ್ನನ್ನು ಮುಟ್ಟದೆ, ವೈರನ್ನು ಸುತ್ತದೆ, ಗಡಿಯಾರ ನಿರ್ವಾಹಕರ ಗೂಡಿನಿಂದ ಇಳಿದು ಮೂರನೇ ಸಾಲಿನಲ್ಲಿ ಕೆಳಸಹಿದಾರರ ಪಕ್ಕದಲ್ಲಿ ಕುಳಿತು, ಮೈದಾನವನ್ನು ನೋಡತಕ್ಕದ್ದು. ಗೋಲು ಆಗುತ್ತದೆಂದು ಇಲಾಖೆಯು ಖಾತರಿ ನೀಡುವುದಿಲ್ಲ. ಆಗದಿದ್ದರೂ ನೋಡತಕ್ಕದ್ದು. ರೆಫ್ರಿಯ ಅಂತಿಮ ಸೀಟಿಯ ನಂತರ ಹಾರ್ನ್ ಬಾರಿಸುವ ಪೂರ್ಣ ಅಧಿಕಾರವನ್ನು ಅವರಿಗೇ ಮರಳಿಸಲಾಗುವುದು. ಈ ಊರಿನಲ್ಲಿ ಆ ಹಾರ್ನನ್ನು ಅಷ್ಟು ಚೆನ್ನಾಗಿ ಬಾರಿಸುವವರು ಬೇರೆ ಯಾರೂ ಇರುವುದಿಲ್ಲ.

ಈ ಸೂಚನೆಗಳು ತಕ್ಷಣದಿಂದ ಜಾರಿಗೆ ಬರುತ್ತವೆ. ಎಷ್ಟು ಹೊತ್ತಿನವರೆಗೆ ಜಾರಿಯಲ್ಲಿರುತ್ತವೆ ಎಂಬುದು ರೆಫ್ರಿಗೆ ಮಾತ್ರ ಗೊತ್ತಿರುತ್ತದೆ.

(ಸಹಿ)
ಡೋರೀನ್ ಕೊಪೆಕಿ
ಉಪ ನಿರ್ದೇಶಕರು
ಉದ್ಯಾನ, ಮೈದಾನ ಮತ್ತು ಈಜುಕೊಳ ಇಲಾಖೆ

ಪ್ರತಿಗಳು:

1. ಪುರಸಭೆಯ ಸದಸ್ಯರಿಗೆ, ಮಾಹಿತಿಗಾಗಿ.
2. ಟ್ರಾಕ್ಟರ್ ಜಗ್ಗಾಟ ಸಮಿತಿಗೆ, ಸದ್ಯಕ್ಕೆ ಸುಮ್ಮನಿರುವಂತೆ ಕೋರಿ.
3. ಶ್ರೀಮತಿ ವಿಲ್ಮಾ ಜಾನ್ಸೆನ್ ಅವರಿಗೆ, ಬಕೆಟ್ ಸಹಿತ.
4. ಶ್ರೀ ಮರ್ಲ್ ಸ್ಟೂಕಿಯವರಿಗೆ. ಅವರ ಹಸುವಿಗೆ ಪ್ರತ್ಯೇಕವಾಗಿ.
5. ಶ್ರೀ ಲ್ಯಾಂಬರ್ಟ್ ಕೊಪೆಕಿಯವರಿಗೆ, ಖುದ್ದಾಗಿ. ಸ್ವೀಕೃತಿಗೆ ಸಹಿ ಮಾಡಲು ನಿರಾಕರಿಸಿ, ಕಾಗದವನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ.
6. ಕುಮಾರಿ ಟೆಸ್ಸಾ ಕೊಪೆಕಿಗೆ. ಕೋಣೆಯ ಬಾಗಿಲು ತೆರೆಯದ ಕಾರಣ ಪ್ರತಿಯನ್ನು ಬಾಗಿಲ ಅಡಿಯಿಂದ ತೂರಿಸಲಾಗಿ, ಅರ್ಧ ಭಾಗ ಹೊರಗೇ ಉಳಿದಿತ್ತು. ಕೆಳಸಹಿದಾರರು ಅಲ್ಲೇ ನೆಲದ ಮೇಲೆ ಕುಳಿತು, ಈ ಬಾರಿ ಎದ್ದು ಹೋಗದೆ ಕಾದಿರುತ್ತಾರೆ. ನಾಲ್ಕನೇ ನಿಮಿಷದಲ್ಲಿ ಕಾಗದವನ್ನು ಒಳಗಿನಿಂದ ಎಳೆದುಕೊಳ್ಳಲಾಗಿದೆ.