ನಮ್ಮ ಗಾಡಿಗೊಂದು ಅಗ್ಗದ ಸೈಲೆನ್ಸರು

ಸೈಲೆನ್ಸರಿನ ಹೊಟ್ಟೆಯೊಳಗೆ ತೂತುತೂತಿನ ಒಂದು ಕೊಳವೆ ಇರುತ್ತದೆ. ಎಂಜಿನ್ನಿನಿಂದ ಬರುವ ಹೊಗೆ ಅದರಲ್ಲಿ ಸುತ್ತಿ ಸುತ್ತಿ ಸುಸ್ತಾಗಿ, ಮೆತ್ತಗೆ ಹೊರಗೆ ಬರಬೇಕು. ಅದಕ್ಕೆ ನಮ್ಮ ಮಿಸ್ತ್ರಿ ಒಂದು ಹೆಸರು ಹೇಳುತ್ತಿದ್ದ. ಜಾಲಂದ್ರವೇ? ಅಲ್ಲ, ಅದು ಗೋಡೆಯದು. ಜಾಲರಿಯೂ ಅಲ್ಲ. ‘ಜ’ ಇತ್ತು, ಅಷ್ಟು ಖಾತ್ರಿ. ದಾವಣಗೆರೆ ಬಿಟ್ಟು ಮಗಳ ಮನೆ ಸೇರಿ ಇಪ್ಪತ್ತಾರು ವರ್ಷವಾಯಿತು. ಈ ಕಾಸರಗೋಡಿನಲ್ಲಿ ಯಾರನ್ನು ಹಿಡಿದು ಕೇಳಲಿ? ಇರಲಿ, ಜರಡಿ ಅಂತಲೇ ಇಟ್ಟುಕೊಳ್ಳೋಣ.

ಬಾಡಿಗೆ ಕಾರಿನ ಮೇಲೆ ಬದುಕುವವರ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಆದದ್ದಕ್ಕೆ ನಗಬೇಕೋ ಅಳಬೇಕೋ ಎಂದು ತೀರ್ಮಾನವಾಗುವ ಮೊದಲೇ ಮುಂದಿನದು ಬಂದು ಬಾಗಿಲಲ್ಲಿ ನಿಂತಿರುತ್ತದೆ.

ನಮ್ಮದು ಎಂಟು ಸಿಲಿಂಡರಿನ ಅಮೇರಿಕದ ಗಾಡಿ. ದಾವಣಗೆರೆಯ ಒಬ್ಬ ಸಾಹುಕಾರರ ಮನೆಯದು. ಪೆಟ್ರೋಲು ತುಟ್ಟಿಯಾದ ವರ್ಷ ಅವರು ಅದನ್ನು ಯಾರಿಗಾದರೂ ದಾಟಿಸಿದರೆ ಸಾಕು ಎಂದು ಕಾಯುತ್ತಿದ್ದರು. ಅವರ ಡ್ರೈವರಾಗಿದ್ದ ನಮ್ಮ ಮನೆಯವರು ಇದ್ದಬದ್ದದ್ದನ್ನೆಲ್ಲ ಸುರಿದು ಕೊಂಡುಕೊಂಡರು. ಬೇರೆ ಕಾರಿನಲ್ಲಿ ಐದು ಜನ ಕೂತರೆ ಇದರಲ್ಲಿ ಒಂಬತ್ತು ಜನ ಎಂಬುದು ಅವರ ಲೆಕ್ಕ. ದಾವಣಗೆರೆಯಿಂದ ಹರಿಹರಕ್ಕೆ, ಹರಿಹರದಿಂದ ದಾವಣಗೆರೆಗೆ ಓಡಿಸುವುದು. ಅದು ಓಡಿದರೆ ನಮಗೆ ಊಟ. ನಿಂತರೆ ಅವರು ಹತ್ತಿ ಅಂಡಿಗೆ, ಅಂದರೆ ಒತ್ತಿ ಕಟ್ಟಿದ ಮೂಟೆ, ಹೊರಲು ಹೋಗಬೇಕು. ಅವರ ಬೆನ್ನು ಆಗಲೇ ಕೆಟ್ಟಿತ್ತು.

ಹೆಣ್ಣು ನೋಡಲು ಹೋದವರು

ಮೊದಲ ಮಳೆಗಾಲದಲ್ಲೇ ಸೈಲೆನ್ಸರು ತುಕ್ಕು ತಿಂದು ತೂತಾಯಿತು. ನಮಗೆ ಗೊತ್ತಾಗಲಿಲ್ಲ. ಹೊಗೆ ಸದ್ದಿಲ್ಲದೆ ನೆಲದ ಹಲಗೆಯ ಸಂದಿಯಿಂದ ಒಳಗೆ ಬರುತ್ತಿತ್ತು.

ಹರಿಹರದಲ್ಲಿ ಹೆಣ್ಣು ನೋಡಲು ಒಂದು ಕುಟುಂಬ ಗಾಡಿ ಮಾಡಿಕೊಂಡಿತು. ವರ, ಅವನ ತಂದೆ ತಾಯಿ, ಇಬ್ಬರು ಚಿಕ್ಕಪ್ಪಂದಿರು, ಒಬ್ಬಳು ಅತ್ತೆ. ಮಳೆ ಹನಿಯುತ್ತಿತ್ತೆಂದು ಹಿಂದಿನ ಕಿಟಕಿಗಳನ್ನೆಲ್ಲ ಏರಿಸಿಕೊಂಡು ಕೂತರು. ನಮ್ಮ ಮನೆಯವರು ಬೀಡಿಗಾಗಿ ತಮ್ಮ ಪಕ್ಕದ ಕಿಟಕಿ ಇಳಿಸಿದ್ದರು. ಆ ದಿನ ಏಳು ಜನರ ಜೀವ ಉಳಿದದ್ದು ಆ ಬೀಡಿಯಿಂದ. ಊರು ಬಿಟ್ಟು ಸ್ವಲ್ಪ ದೂರಕ್ಕೆ ಹಿಂದೆ ಮಾತು ನಿಂತಿತು. ಮರ್ಯಾದಸ್ಥರು, ಗಂಭೀರವಾಗಿ ಕೂತಿದ್ದಾರೆ ಎಂದುಕೊಂಡರಂತೆ ಇವರು.

ಹೆಣ್ಣಿನ ಮನೆ ಮುಂದೆ ಬಾಗಿಲು ತೆಗೆದರೆ ಒಬ್ಬರ ಮೇಲೊಬ್ಬರು ಒರಗಿ ಮಲಗಿದ್ದಾರೆ. ಎಬ್ಬಿಸಿದರೆ ತೂರಾಡುತ್ತಾರೆ. ಆರತಿ ಹಿಡಿದು ನಿಂತಿದ್ದವರು, ಮನೆತನಕ್ಕೆ ಮನೆತನವೇ ಕುಡಿದು ಬಂದಿದೆ ಎಂದು ಆರತಿಯನ್ನು ಒಳಗೆ ಒಯ್ದರು. ವರನ ತಾಯಿ ಜಗುಲಿಯ ಮೇಲೇ ಮಲಗಿಬಿಟ್ಟಳು. ನೀರು ಕೊಟ್ಟು, ಗಾಳಿ ಹಾಕಿ, ಇದು ಗಾಡಿಯ ಹೊಗೆ ಎಂದು ಎಲ್ಲರಿಗೂ ಮನವರಿಕೆಯಾಗಲು ಒಂದು ಗಂಟೆ ಹಿಡಿಯಿತು. ಕೊನೆಗೆ ಹುಡುಗಿಯನ್ನು ಕರೆತಂದು ಕೂರಿಸಿದರು. ವರ ತಲೆಯೆತ್ತಿ ಅವಳನ್ನು ನೋಡಿದ, ಅಲ್ಲೇ ವಾಂತಿ ಮಾಡಿಕೊಂಡ.

ತಪ್ಪು ಹೊಗೆಯದು ಎಂದು ಅವಳಿಗೆ ಎಲ್ಲರೂ ಹೇಳಿದರಂತೆ. ಅವಳು, “ಇರಬಹುದು. ಆದ್ರೆ ಅಲ್ಲಿಗಂಟ ತಡ್ಕಂಡಿದ್ದೋರು ನನ್ ಮಖ ನೋಡಿದ್ ಮ್ಯಾಲೇ ಯಾಕ ಮಾಡ್ಕಂಡ್ರು?” ಎಂದು ಎದ್ದು ಹೋದಳು.

ಬೆರಳು ಹೋದ ಸೈಲೆನ್ಸರು

ಹೊಸದು ಬೇಕೆಂದರೆ ಬೊಂಬಾಯಿಯಿಂದ ತರಿಸಬೇಕು. ಅದರ ಬೆಲೆ ಕೇಳಿ ಬಂದ ದಿನ ನಮ್ಮ ಮನೆಯವರು ಊಟ ಮಾಡಲಿಲ್ಲ. ಮಂಡಿಪೇಟೆಯ ಆಚೆ ಗುಜರಿ ಅಂಗಡಿಗಳ ಸಾಲಿತ್ತು. ಹಳೆಯದು ನೋಡೋಣ ಎಂದು ಹೊರಟರು. ಸಾಮಾನು ಆರಿಸುವುದರಲ್ಲಿ ನನಗೆ ಕಣ್ಣಿದೆ ಎಂದು ಹೇಳಿ ನಾನೂ ಹೊರಟೆ. ನಿಜವಾಗಿ, ಅವರು ಯಾರು ಏನು ಹೇಳಿದರೂ ನಂಬುವ ಜಾತಿ. ಅದಕ್ಕೇ ಹೋದೆ.

ಅಂಗಡಿಯ ಸಾಹೇಬರು ಗಡ್ಡಕ್ಕೆ ಮದರಂಗಿ ಹಚ್ಚಿದ ಹಿರಿಯರು. ಮೂರು ತಂದು ಸಾಲಾಗಿ ಇಟ್ಟರು. ಒಂದು ಕರ್ರಗೆ ಬಣ್ಣ ಬಳಿದು ಮಿಂಚುತ್ತಿತ್ತು. ಇನ್ನೊಂದು ಟ್ರಾಕ್ಟರಿನದು, ಹೊಗೆಗೂಡಿನ ಹಾಗೆ ನೆಟ್ಟಗೆ ನಿಲ್ಲುವಂಥದ್ದು. ಮೂರನೆಯದು ಲಾರಿಯದು, ಮೂರು ತಿಂಗಳ ಕೂಸಿನಷ್ಟು ದಪ್ಪ. ನಮ್ಮ ಮನೆಯವರ ಕೈ ನೇರವಾಗಿ ಮಿಂಚುವುದರ ಮೇಲೆ ಹೋಯಿತು.

ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಮಾಡುವಂತೆ ನಾನು ಕೂತು ಬೆರಳಿನ ಗೆಣ್ಣಿನಿಂದ ಅದನ್ನು ಬಡಿದು ನೋಡಿದೆ. ಒಡಕು ಗಡಿಗೆಯ ಸದ್ದೇ ಬಂತು. ಸಾಹೇಬರಿಗೆ ನಗು.

“ತಾಯಿ, ಇದು ಅಮೇರಿಕಾ ಮಾಲು. ಸಾರು ಮಾಡೋ ಗಡಿಗಿ ಅಲ್ಲ.”

ಇನ್ನೊಂದು ಸಲ ಬಡಿದೆ. ಬಣ್ಣ ಒಳಗೆ ಹೋಯಿತು, ಅದರ ಹಿಂದೆ ನನ್ನ ಬೆರಳೂ ಹೋಯಿತು. ಹೊರಗೆ ಬರಲಿಲ್ಲ. ಸಾಹೇಬರು ಎಣ್ಣೆ ತಂದು ಹಚ್ಚಿ, ಅಲ್ಲಾನನ್ನು ನೆನೆದು, ಕತ್ತರಿಯಿಂದ ಅಮೇರಿಕದ ತಗಡನ್ನು ಕಾಗದದಂತೆ ಕತ್ತರಿಸಿ ಬೆರಳು ಬಿಡಿಸಿದರು. ರಕ್ತ ಒರೆಸಲು ತಮ್ಮ ಕರವಸ್ತ್ರವನ್ನೇ ಕೊಟ್ಟರು. ಆಮೇಲೆ ನಮ್ಮ ಮನೆಯವರನ್ನು ಪಕ್ಕಕ್ಕೆ ಕರೆದು, ಈ ಬೀದಿಗೆ ಹೆಂಗಸರನ್ನು ಕರೆತಂದರೆ ನಮ್ಮ ಹೊಟ್ಟೆಪಾಡು ಏನಾಗಬೇಕು ಎಂದು ಕೇಳಿದರಂತೆ.

ಲಾರಿಯದು ಗಟ್ಟಿಯಿತ್ತು. ಬಡಿದರೆ ಗಂಟೆಯಂತೆ ನಾದ ಬಂತು. ಅಗ್ಗವೂ ಆಯಿತು. ಜೋಡಿಸುವ ಮಿಸ್ತ್ರಿ ಅದರೊಳಗೆ ಇಣುಕಿ, ಜರಡಿ ಉದುರಿಹೋಗಿದೆ, ಖಾಲಿ ಡಬ್ಬಿ ಎಂದ. ಹಾಗಾದರೆ ಹಾಕಬಹುದೋ ಬೇಡವೋ ಎಂದು ಇವರು ಕೇಳಿದರು.

“ಸದ್ದು ಬರ್ತೈತೆ. ಆದ್ರೆ ಹೊಗೆ ಒಳಗೆ ಬರಂಗಿಲ್ಲ. ಕಿವುಡಾಗ್ತೀರೋ ಸಾಯ್ತೀರೋ, ಎರಡ್ರಾಗೆ ಒಂದು ಹೇಳ್ರಿ.”

ನಮ್ಮ ಮನೆಯವರು ಎರಡು ದಿನ ಯೋಚನೆ ಮಾಡಿದರು.

ಯಾರು ಎಷ್ಟು ಅತ್ತರು

ಸದ್ದು ಎಂದರೆ ಎಂಥ ಸದ್ದು. ಗಾಡಿ ಬೀದಿಯ ತುದಿಗೆ ಬಂದರೆ ನಮ್ಮ ಅಡುಗೆಮನೆಯ ತಟ್ಟೆಗಳು ಗಲಗಲ ಎನ್ನುತ್ತಿದ್ದವು. ಮದುವೆಯವರು ನಮ್ಮನ್ನು ಬಿಟ್ಟರು. ಬಸುರಿಯರನ್ನು ಯಾರೂ ಹತ್ತಿಸಲಿಲ್ಲ. ಉಳಿದದ್ದು ಒಂದೇ ಬಾಡಿಗೆ. ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲಿ ತೀರಿಕೊಂಡ ಹರಿಹರದ ಕಡೆಯವರನ್ನು ಮನೆಗೆ ಮುಟ್ಟಿಸುವುದು. ಬೇರೆ ಟ್ಯಾಕ್ಸಿಯವರು ಹೆಣ ಎಂದರೆ ತಲೆ ಅಲ್ಲಾಡಿಸುತ್ತಿದ್ದರು. ನಮ್ಮದರ ಹಿಂದಿನ ಸೀಟು ಹಾಸಿಗೆಯಷ್ಟು ಉದ್ದ, ಹೆಣ ಸದ್ದಿನ ಬಗ್ಗೆ ತಕರಾರು ಮಾಡುವುದಿಲ್ಲ. ಕೆಲವೇ ತಿಂಗಳಲ್ಲಿ ಹರಿಹರದ ಮಂದಿಗೆ ಆ ಸದ್ದಿನ ಅರ್ಥ ತಿಳಿದುಹೋಯಿತು. ದೂರದಿಂದ ಕೇಳಿದರೆ ಯಾರ ಮನೆಯದೋ ಎಂದು ಹೊರಗೆ ಬಂದು ನಿಲ್ಲುತ್ತಿದ್ದರು.

ಒಂದು ದಿನ ಗುಣವಾದ ಒಬ್ಬ ಮುದುಕಿ ಆಸ್ಪತ್ರೆಯಿಂದ ಮನೆಗೆ ಹೋಗಲು ಇದೇ ಗಾಡಿ ಹತ್ತಿದಳು. ಮನೆಯವರಿಗೆ ಸುದ್ದಿ ಹೋಗಿರಲಿಲ್ಲ. ಗಾಡಿ ಅವಳ ಓಣಿಗೆ ತಿರುಗಿದ್ದೇ ತಡ, ಮನೆಯೊಳಗಿನಿಂದ ಗೋಳು ಎದ್ದಿತು. ಗಂಡಸರು ತಲೆಗೆ ಟವೆಲ್ಲು ಸುತ್ತಿದರು. ಒಬ್ಬ ಬಿದಿರು ತರಲು ಓಡಿದ. ನಮ್ಮ ಮನೆಯವರು ಗಾಬರಿಯಾಗಿ ಇಳಿಯಲು ಹೋದರೆ ಮುದುಕಿ ಹಿಂದಿನಿಂದ ಅವರ ಭುಜ ಹಿಡಿದಳು.

“ತಡಿಯಪ್ಪ. ಬಾಗ್ಲ ತೆಗೀಬ್ಯಾಡ. ಸ್ವಲ್ಪ ಕೇಳ್ತೀನಿ.”

ಸೀಟಿನ ಮೇಲೆ ಅಡ್ಡಾಗಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೇಳಿದಳು. ದೊಡ್ಡ ಸೊಸೆ ಕಿಟಕಿಗೆ ತಲೆ ಚಚ್ಚಿಕೊಂಡು ಅತ್ತಳು. ಅಳುವಿನ ನಡುವೆ ಉಸಿರು ತೆಗೆದುಕೊಳ್ಳುವಾಗ, ಅತ್ತೆಯ ಟ್ರಂಕಿನ ಕೀಲಿ ಯಾರ ಹತ್ತಿರ ಇದೆ ಎಂದು ಗಂಡನನ್ನು ಕೇಳಿದಳು. ಚಿಕ್ಕ ಸೊಸೆಯ ಸದ್ದೇ ಇಲ್ಲ.

ಮುದುಕಿ ಸೆರಗು ಸರಿಸಿ ಎದ್ದು ಕೂತಳು. ದೊಡ್ಡ ಸೊಸೆ ಕಿರುಚಿ ಹಿಂದಕ್ಕೆ ಬಿದ್ದಳು. “ಕೀಲಿ ನನ್ ಸೊಂಟದಾಗೆ ಐತೆ,” ಎಂದು ಮುದುಕಿ ಇಳಿದು ಒಳಗೆ ನಡೆದಳು. ಚಿಕ್ಕ ಸೊಸೆ ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಅತ್ತೆ ಸತ್ತ ಮೇಲೆ ಮೂರು ದಿನ ಒಲೆ ಹಚ್ಚುವ ಹಾಗಿಲ್ಲವೆಂದು, ಸದ್ದು ಕೇಳಿದ ಕೂಡಲೇ ನಾಲ್ಕು ರೊಟ್ಟಿ ಜಾಸ್ತಿ ಮಾಡಿಟ್ಟುಕೊಳ್ಳುತ್ತಿದ್ದಳಂತೆ.

ಮುದುಕಿ ಆ ರೊಟ್ಟಿ ತಿಂದು, ಕೀಲಿಯನ್ನು ಮತ್ತೆ ಸೊಂಟಕ್ಕೇ ಸಿಕ್ಕಿಸಿಕೊಂಡಳು.

ಮಿಲ್ಲಿನ ಹತ್ತಿ

ಗಾಡಿ ಪಾಸು ಮಾಡಿಸುವ ಗಡುವು ಬಂತು. ಪಾಸು ಮಾಡುವವರು ಬ್ರೇಕ್ ಇನ್‌ಸ್ಪೆಕ್ಟರು. ಆ ಕಡೆಗೆ ಹೊಸಬರು, ದಕ್ಷಿಣದ ಊರಿನವರು, ವಯಸ್ಸಾದ ತಾಯಿಯನ್ನು ಕರೆದುಕೊಂಡು ಬಂದಿದ್ದರು. ಲಂಚ ಮುಟ್ಟುವವರಲ್ಲ. ಅಂಥವರು ಬಂದರೆ ನಮ್ಮಂಥವರಿಗೆ ಕಷ್ಟ. ಈ ಸದ್ದಿನಲ್ಲಿ ಅವರು ಪಾಸು ಮಾಡುವುದಿಲ್ಲ ಎಂಬುದು ಗೊತ್ತಿತ್ತು. ಪಾಸಾಗದಿದ್ದರೆ ಅಂಡಿಗೆ ಹೊರುವುದೇ ಗತಿ.

ದಾವಣಗೆರೆಯಲ್ಲಿ ಏನು ಕೆಟ್ಟರೂ ಜನ ಅದಕ್ಕೆ ಮಿಲ್ಲಿನ ರದ್ದಿ ಹತ್ತಿ ತುರುಕುತ್ತಿದ್ದರು. ಬಾಗಿಲ ಸಂದಿಗೆ, ಸೋರುವ ನಲ್ಲಿಗೆ, ಕಿವಿಗೆ, ಹೆಣದ ಮೂಗಿಗೆ, ಎಲ್ಲಕ್ಕೂ ಅದೇ. ನಮ್ಮ ಮನೆಯವರೂ ಹಿಂದಿನ ದಿನ ಒಂದು ಚೀಲ ತಂದು, ಒನಕೆಯಿಂದ ಜಡಿದು ಜಡಿದು ಸೈಲೆನ್ಸರಿಗೆ ತುಂಬಿದರು. ಚಾಲೂ ಮಾಡಿದರೆ ಬೆಕ್ಕು ಗೊರಗುಟ್ಟಿದ ಹಾಗೆ ಸದ್ದು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಇನ್‌ಸ್ಪೆಕ್ಟರು ಗಾಡಿಯ ಹಿಂದೆ ಬಗ್ಗಿ ಕಿವಿ ಕೊಟ್ಟರಂತೆ. ಚೆನ್ನಾಗಿದೆಯಲ್ಲ ಎಂದರಂತೆ. ಎಂಜಿನ್ ಜೋರು ಮಾಡಲು ಹೇಳಿದರು. ಇವರು ಮಾಡಿದರು. ಒಳಗೆ ಹತ್ತಿ ಆಗಲೇ ಕೆಂಡವಾಗಿತ್ತು. ಢಂ ಎಂದು ಒಂದು ಉರಿಯುವ ಉಂಡೆ ಹಾರಿ ಅವರ ಕೈಯಲ್ಲಿದ್ದ ಕಾಗದಗಳ ಮೇಲೆ ಕೂತಿತು. ಎರಡನೆಯದು ಗುಮಾಸ್ತನ ಛತ್ರಿಯನ್ನು ಹಿಡಿಯಿತು. ಮೂರನೆಯದಕ್ಕೆ ಎಲ್ಲರೂ ನೆಲಕ್ಕೆ ಬಿದ್ದಿದ್ದರು.

ಪಾಸಾಗಲಿಲ್ಲ, ಕಾಗದಪತ್ರ ವಶವಾಯಿತು. ಏನು ಕಾರಣ ಬರೆಯಲಿ ಎಂದು ಗುಮಾಸ್ತ ಕೇಳಿದನಂತೆ. ಅಚ್ಚು ಹಾಕಿದ ಫಾರಮಿನಲ್ಲಿ ಬ್ರೇಕಿಗೆ, ದೀಪಕ್ಕೆ, ಟಯರಿಗೆಲ್ಲ ಜಾಗವಿತ್ತು, ಇದಕ್ಕೆ ಇರಲಿಲ್ಲ. ಇನ್‌ಸ್ಪೆಕ್ಟರು ಸುಟ್ಟ ಹುಬ್ಬನ್ನು ಒರೆಸಿಕೊಳ್ಳುತ್ತ ಹೇಳಿ ಬರೆಸಿದರು: ವಾಹನವು ಉಗುಳುತ್ತದೆ.

ಸದ್ದಿಲ್ಲ

ಹನ್ನೆರಡು ದಿನ ಗಾಡಿ ಅಂಗಳದಲ್ಲಿ ನಿಂತಿತ್ತು. ನಮ್ಮ ಮನೆಯವರು ಅಂಡಿಗೆ ಹೊರಲು ಹೋಗಿ ಮೂರನೆಯ ದಿನವೇ ಬೆನ್ನು ಹಿಡಿದುಕೊಂಡು ಬಂದರು. ಆಮೇಲೆ ಅವರು ಗೋಡೆ ಕಡೆ ತಿರುಗಿ ಮಲಗುವುದು, ನಾನು ಮಗಳ ಹಾಲಿಗೆ ನೀರು ಬೆರೆಸುವುದು.

ಹದಿಮೂರನೆಯ ದಿನ ಬೆಳಿಗ್ಗೆ ಬ್ರೇಕ್ ಇನ್‌ಸ್ಪೆಕ್ಟರೇ ನಮ್ಮ ಬಾಗಿಲಿಗೆ ಬಂದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವರ ತಾಯಿ ಬೆಳಗಿನ ಜಾವ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಹರಿಹರದ ಹೊಳೆ ದಂಡೆಯಲ್ಲೇ ಸುಡಬೇಕೆಂದು ಆಕೆ ಹೇಳಿದ್ದರಂತೆ. ಟ್ಯಾಕ್ಸಿ ನಿಲ್ದಾಣದಲ್ಲಿ ಒಬ್ಬರೂ ಒಪ್ಪಲಿಲ್ಲ. ಎಲ್ಲರೂ ನಮ್ಮ ಮನೆಯನ್ನೇ ತೋರಿಸಿದ್ದರು.

ನಮ್ಮ ಮನೆಯವರು ಎದ್ದು ಕೈಮುಗಿದರು. “ಬರ್ತೀನ್ರಿ ಸಾಹೇಬ್ರೆ. ಆದ್ರೆ ಗಾಡಿ ಪಾಸಾಗಿಲ್ಲ. ರಸ್ತೆ ಮ್ಯಾಲೆ ತರಬ್ಯಾಡ ಅಂತ ನೀವೇ ಹೇಳೀರಿ.”

ಕುಹಕದ ಮಾತಲ್ಲ. ಅವರಿಗೆ ಕುಹಕ ಬರುತ್ತಿರಲಿಲ್ಲ. ಹೇಳಿದ್ದನ್ನು ಕೇಳುವ ಮನುಷ್ಯ, ಅಷ್ಟೇ.

ಇನ್‌ಸ್ಪೆಕ್ಟರು ಗಾಡಿಗೆ ಒಂದು ಸುತ್ತು ಬಂದರು. ಕಾನೂನು ಮೀರಿ ಒಂದು ಹೆಜ್ಜೆ ಇಟ್ಟವರಲ್ಲ. ಪಾಸಾಗದ ಗಾಡಿಯಲ್ಲಿ ತಾಯಿಯನ್ನು ಒಯ್ಯಲಾರರು, ಬಿಸಿಲು ಏರಿದರೆ ಹೆಣ ಇಡಲಾರರು. ಕೊನೆಗೆ ಫಾರಮು ತರಿಸಿ, ಬಾನೆಟ್ಟಿನ ಮೇಲೆ ಇಟ್ಟು ತುಂಬಿದರು. ಬ್ರೇಕು ಸರಿ. ದೀಪ ಸರಿ. ಅದಾದ ಮೇಲೆ ಪೆನ್ನು ನಿಂತಿತು. ಕಣ್ಣೊರೆಸಿಕೊಂಡು ಬರೆದರು: ಸದ್ದಿಲ್ಲ.

ಅವರ ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ. ಹೆಣ ಜಾರದಂತೆ ಹಿಡಿದುಕೊಳ್ಳಲು ನಾನು ಹಿಂದೆ ಕೂತು ಆ ತಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹಗುರ ಜೀವ. ಇನ್‌ಸ್ಪೆಕ್ಟರು ಮುಂದೆ ನಮ್ಮ ಮನೆಯವರ ಪಕ್ಕ ಕೂತರು. ಹತ್ತಿಯೆಲ್ಲ ಸುಟ್ಟುಹೋಗಿದ್ದ ಸೈಲೆನ್ಸರು ಮೊದಲಿಗಿಂತ ಜೋರಾಗಿ ಗರ್ಜಿಸಿತು. ರಸ್ತೆ ಬದಿಯ ದನಗಳು ಹಗ್ಗ ಹರಿದುಕೊಂಡು ಓಡಿದವು.

ಅರ್ಧ ದಾರಿಯಲ್ಲಿ ಇನ್‌ಸ್ಪೆಕ್ಟರು ಏನೋ ಅಂದರು. ಇವರಿಗೆ ಕೇಳಲಿಲ್ಲ. ಮತ್ತೆ ಅಂದರು. ಇವರು ಕಿವಿಯ ಹತ್ತಿರ ಕೈ ತಂದರು. ಮೂರನೆಯ ಸಲ ಅವರು ಬಾಯಿ ತೆರೆದಾಗ ನಮ್ಮ ಮನೆಯವರು ಗಾಡಿ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದರು. ಒಮ್ಮೆಲೇ ಎಲ್ಲ ಸ್ತಬ್ಧ.

“ನಿಧಾನಕ್ಕೆ ಹೋಗಿ ಅಂದೆ,” ಎಂದರು ಇನ್‌ಸ್ಪೆಕ್ಟರು. “ನಮ್ಮಮ್ಮನಿಗೆ ಸದ್ದು ಆಗ್ತಿರಲಿಲ್ಲ.”

ನಮ್ಮ ಮನೆಯವರು ಅವರಿಗೆ ಸಮಾಧಾನ ಹೇಳಲು ಹೊರಟರು. ಜೇಬಿನಿಂದ ಆ ಕಾಗದ ತೆಗೆದು ಎರಡೂ ಕೈಯಿಂದ ಅವರ ಮುಂದೆ ಹಿಡಿದರು.

“ಸದ್ದು ಎಲ್ಲೈತ್ರಿ ಸಾಹೇಬ್ರೆ? ನೀವೇ ನೋಡಿ ಬರ್ದೀರಲ್ಲ.”

ಇನ್‌ಸ್ಪೆಕ್ಟರು ಕಾಗದ ನೋಡಿದರು. ತಿರುಗಿ ತಾಯಿಯನ್ನು ನೋಡಿದರು. ಅವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಕೈ ಚಾಚಿದೆ. ಆ ಮನುಷ್ಯ ನಗುತ್ತಿದ್ದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು, ನಿಲ್ಲಿಸಲು ಬರುತ್ತಿಲ್ಲ. ನಮ್ಮ ಮನೆಯವರು ಏನು ತಪ್ಪು ಹೇಳಿದೆನೋ ಎಂದು ನನ್ನ ಕಡೆ ನೋಡಿದರು. ಅವರ ಆ ಮುಖ ಕಂಡು ನನಗೂ ತಡೆಯಲಾಗಲಿಲ್ಲ. ನಾನು ನಕ್ಕ ರಭಸಕ್ಕೆ ತೊಡೆಯ ಮೇಲಿದ್ದ ತಲೆಯೂ ಮೆಲ್ಲಗೆ ಅಲ್ಲಾಡಿತು.

ಬರೆದು ಬರೆದು ಕೈ ಸೋತು, ಈ ಕೊನೆಯದನ್ನು ನಾನು ಬಾಯಲ್ಲೇ ಹೇಳುತ್ತ ಬಂದೆ. ಎದುರಿಗೆ ಕೂತು ಬರೆಯುತ್ತಿದ್ದ ಮೊಮ್ಮಗಳು ಇಲ್ಲಿಗೆ ಬಂದು ಪೆನ್ನು ಎತ್ತಿಬಿಟ್ಟಳು. ಹೆಣವನ್ನು ತೊಡೆಯ ಮೇಲೆ ಇಟ್ಟುಕೊಂಡು ನಿಜವಾಗಿ ನಕ್ಕಿರಾ, ಅದನ್ನು ಬರೆದರೆ ಓದಿದವರು ಏನಂದುಕೊಳ್ಳುತ್ತಾರೆ ಎಂದಳು.

“ನಕ್ಕೆ ಕಣವ್ವ. ಆ ವರ್ಷದಾಗೆ ನಾನು ನಕ್ಕಿದ್ದು ಅದೊಂದೇ ಸಲ. ಬರಿ.”