ರಾಜೇಶ್ವರದ ಪಾಲಿಹೌಸಿನಲ್ಲಿ ನನ್ನ ಡಬ್ಬಿ

ಯಂತ್ರ ಕೆಟ್ಟರೆ ರಿಪೇರಿ ಮಾಡಬಹುದು. ಯಂತ್ರದ ಮೇಲೆ ಜನಕ್ಕೆ ಪ್ರೀತಿ ಹುಟ್ಟಿದರೆ ಏನು ಮಾಡುವುದು? ಎರಡು ಸಾವಿರದ ಏಳೆಂಟರ ಸುಮಾರಿಗೆ ಹುಮನಾಬಾದಿನಿಂದ ಹೋಗಿ ಪ್ಲಾಸ್ಟಿಕ್ ಹೊದಿಸಿ ಬೆಳೆ ತೆಗೆಯುವ ಪಾಲಿಹೌಸ್‌ಗಳಿಗೆ ಬಿಸಿ ಅಳೆಯುವ ಸೆನ್ಸರ್ ಡಬ್ಬಿ ಕೂರಿಸುತ್ತಿದ್ದೆ. ನನ್ನ ಕೆಲಸದ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಮೊದಲ ಗಿರಾಕಿ ರಾಜೇಶ್ವರ ಎಂಬ ಊರಿನ ಒಬ್ಬ ಸಾಹುಕಾರರು. ಅವರ ದೊಣ್ಣ ಮೆಣಸಿನಕಾಯಿ ಹೂವಿಗೆ ಬಂದಿತ್ತು. ಹೂ ಉದುರಿದರೆ ಅವರ ಬೆಳೆ ಹೋಯಿತು. ಇಲ್ಲಿ ಡಬ್ಬಿ ಹೇಗೆ ನಡೆಯುತ್ತದೆಂದು ನೋಡಿ ಕೊಳ್ಳೋಣವೆಂದು ಕಾದಿದ್ದ ಘಾಟಬೋರಾಳದ ನಾಲ್ವರು ರೈತರೂ ನನ್ನ ಕೈಬಿಟ್ಟಂತೆ.

ನಿದ್ದೆ

ಗಿಡಗಳ ನಡುವೆ ಅಂಗೈಯಗಲದ ಡಬ್ಬಿ ತೂಗುಹಾಕಿದೆ. ಒಳಗಿನ ಬಿಸಿ ಎಷ್ಟೆಂದು ಅದು ಪಂಪಿನ ಕೋಣೆಯ ಪರದೆಗೆ ಕಳಿಸುತ್ತಿತ್ತು.

"ಎರಡು ಬ್ಯಾಟರಿ ಶೆಲ್ಲಿನ್ಯಾಗ ವರ್ಷ ನಡೀತದ್ರಿ. ಹತ್ತು ನಿಮಿಷ ಮಲಗ್ತದ, ಒಂದು ಕ್ಷಣ ಎದ್ದು ನೋಡ್ತದ, ಮತ್ತ ಮಲಗ್ತದ," ಎಂದು ಸಾಹುಕಾರರಿಗೆ ವಿವರಿಸಿದೆ.

ಕಳೆ ಕೀಳುತ್ತಿದ್ದ ಹೆಂಗಸು ತಲೆಯೆತ್ತಿದಳು. "ಸಾಹುಕಾರ್ರ, ಈ ನೌಕ್ರಿ ನನಗ ಕೊಡ್ರಿ. ಶೆಲ್ ಸುದ್ದಾ ಬ್ಯಾಡ."

ಒದ್ದೆ ಬಟ್ಟೆ

ಮರುವಾರ ನೆತ್ತಿ ಸುಡುವ ಮಧ್ಯಾಹ್ನ ಪರದೆ ಇಪ್ಪತ್ತೆರಡು ಡಿಗ್ರಿ ತೋರಿಸುತ್ತಿತ್ತು. ಒಳಗೆ ಹೋದರೆ ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿತ್ತು. ಸಾಹುಕಾರರ ತಾಯಿ ತಂಬಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದರು.

"ಹಿಂಗ್ಯಾಕ ಮಾಡೀರಿ ಅವ್ವಾರ?"

"ಬಿಸಲಿಗಿ ಕಾಯಾಕತ್ತಿತ್ತಪ್ಪ. ನೀ ದಾರಕ್ಕ ಗಂಟು ಹಾಕಿ ಊರಿಗಿ ಹೋಗಿಬಿಡ್ತಿ, ಅದರ ಕಡಿ ನೋಡವರ್ಯಾರು?"

ಬನಿಯನ್ ಕಿಸೆ

ಘಾಟಬೋರಾಳದವರು ನೋಡಲು ಬಂದ ದಿನ. ಮುಂಜಾನೆ ತಣ್ಣನೆ ಗಾಳಿ ಬೀಸುತ್ತಿದ್ದರೂ ಪರದೆಯಲ್ಲಿ ಮೂವತ್ತೊಂಬತ್ತು! ಮೂವತ್ತೈದು ದಾಟಿದರೆ ತುಂತುರು ನೀರು ಬಿಡಿ ಎಂದು ನಾನೇ ಹೇಳಿದ್ದೆ. ಸಾಹುಕಾರರ ಹೆಂಡತಿ ಬಿಟ್ಟೇ ಬಿಟ್ಟಿದ್ದರು. ಹೂವೆಲ್ಲ ತೊಯ್ದು ತೊಪ್ಪೆ. ತಣ್ಣನೆ ಹೊತ್ತಿನಲ್ಲಿ ನೀರು ನಿಂತರೆ ಹೂ ಉದುರುತ್ತದೆ. ಓಡಿ ಸ್ವಿಚ್ಚು ಆರಿಸಿ, ಬದಿಯ ಪ್ಲಾಸ್ಟಿಕ್ ಮೇಲೆತ್ತಿ ಗಾಳಿ ಬಿಟ್ಟೆ. ಪುಣ್ಯಕ್ಕೆ ಒಂದು ಹೂವೂ ಉದುರಿರಲಿಲ್ಲ. ಡಬ್ಬಿ ಇದ್ದಲ್ಲಿ ನೋಡಿದರೆ ಬರೀ ದಾರ ತೂಗುತ್ತಿತ್ತು.

"ಡಬ್ಬಿ ಎಲ್ಲ್ಯದರಿ?"

ಸಾಹುಕಾರರು ಬನಿಯನ್ ಕಿಸೆಯಿಂದ ತೆಗೆದರು. "ಅವ್ವನ ಕೈಗಿ ಸಿಗಬಾರ್ದಂತ ಎದಿಗೇ ಇಟಗೊಂಡೀನಿ."

ಅವರ ಹಣೆ ಮುಟ್ಟಿದೆ, ಕಾದ ಹಂಚು. "ನಮ್ಮ ಡಬ್ಬಿ ಸುಳ್ಳು ಹೇಳಿಲ್ರಿ. ನಿಮಗ ಜ್ವರ ಬಂದಾವ."

ಘಾಟಬೋರಾಳದ ಹಿರಿಯರೊಬ್ಬರು ಗಂಭೀರವಾಗಿ ತಲೆಯಾಡಿಸಿದರು. "ಕಿಸೇದಾಗಿಂದ ಸುದ್ದಾ ಖರೆ ಹೇಳ್ತದಂದ್ರ ನಮಗೂ ನಾಲ್ಕು ಕೊಡ್ರಿ."

ಎಲ್ಲರೂ ನಕ್ಕರು. ಸಾಹುಕಾರರ ಹೆಂಡತಿ ಮಾತ್ರ ನಗಲಿಲ್ಲ. "ನಿನ್ನಿಯಿಂದ ಮೈ ಸುಡಾಕತ್ತದ, ದವಾಖಾನಿಗಿ ನಡೀರಿ ಅಂದ್ರ ಕೇಳಲಿಲ್ಲ," ಎಂದು ಗಂಡನನ್ನು ಗದರಿ ಮತ್ತೆ ಸ್ವಿಚ್ಚಿನ ಮೇಲೆ ಕೈಯಿಟ್ಟರು. "ಈಗ ನೀವೇ ಒಳಗ ಹೋಗಿ ನಿಂದರ್ರಿ. ಇನ್ನೊಮ್ಮೆ ತುಂತುರು ಬಿಡ್ತೀನಿ."