ಜಮೈಕಾಕ್ಕೆ ಹೊರಟ ಕೋರಿರೊಟ್ಟಿ

ಕಾಂಕ್ರೀಟ್ ಗಟ್ಟಿಯಾಗಿದೆ ಎಂದು ಯಾರು ಎಷ್ಟೇ ಆಣೆ ಮಾಡಿ ಹೇಳಿದರೂ ನಂಬದೆ, ಅದನ್ನು ಯಂತ್ರದಲ್ಲಿಟ್ಟು ಒಡೆದು ನೋಡುವುದು ನನ್ನ ಉದ್ಯೋಗ. ಅಬುಧಾಬಿಯ ಒಂದು ಪ್ರಯೋಗಾಲಯದಲ್ಲಿ ಈ ಪುಣ್ಯಕಾರ್ಯಕ್ಕಾಗಿ ನನಗೆ ಸಂಬಳವನ್ನೂ ಕೊಡುತ್ತಾರೆ. ಧಾರವಾಡದಲ್ಲಿ ಭೌತಶಾಸ್ತ್ರ ಓದಿದವನು ನಾನು. ಓದಿದ್ದರಲ್ಲಿ ಬಹುಪಾಲು ಮರೆತುಹೋಗಿದೆ. ಅನುಮಾನ ಮಾತ್ರ ಉಳಿದಿದೆ. ಸುದ್ದಿಯನ್ನು ಅನುಮಾನಿಸುತ್ತೇನೆ, ಹಾಲಿನ ಡಬ್ಬಿಯ ಮೇಲಿನ ತಾರೀಖನ್ನು ಅನುಮಾನಿಸುತ್ತೇನೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ನೆನಪನ್ನು ಅನುಮಾನಿಸುತ್ತೇನೆ. ನೆನಪೆಂಬುದು ಕುಳಿತಲ್ಲೇ ಕತೆ ಕಟ್ಟುವ ಕಾದಂಬರಿಕಾರ ಎಂಬುದು ನನ್ನ ಸಿದ್ಧಾಂತ. ಖಾಲಿದಿಯಾ ಬಡಾವಣೆಯ ನಮ್ಮ ಕಟ್ಟಡದಲ್ಲಿ ಈ ಉಪನ್ಯಾಸ ಕೇಳದವರೇ ಇಲ್ಲ. ಕಾವಲುಗಾರನೂ ಕೇಳಿದ್ದಾನೆ. ಪಾಪ, ಅವನಿಗೆ ಕನ್ನಡ ಬರುವುದಿಲ್ಲ.

ಇಂಥ ವಿವೇಕಿಯೊಬ್ಬ, ತಾನು ಜಮೈಕಾಕ್ಕೆ ಹೋಗುವುದಾಗಿ ಹೊಸ ವರ್ಷದ ಮೊದಲ ವಾರದಲ್ಲಿ ಘೋಷಿಸಿದ. ಒಬ್ಬನೇ. ಬೆನ್ನಿಗೆ ಒಂದು ಚೀಲ ಹಾಕಿಕೊಂಡು!

ಇದಕ್ಕೆ ಕಾರಣವಿತ್ತು. ಗಲ್ಫಿನಲ್ಲಿರುವ ನಮ್ಮವರಿಗೆ ರಜೆ ಸಿಗುತ್ತದೆ, ಆದರೆ ಅದು ನಮ್ಮದಲ್ಲ. ಊರಿಗೆ ಹೊರಟ ಸುದ್ದಿ ಹಬ್ಬಿದ ಕೂಡಲೇ ಪಾರ್ಸೆಲ್‌ಗಳು ಬರತೊಡಗುತ್ತವೆ. ಒಬ್ಬರ ಅತ್ತೆಗೆ ಮೊಣಕಾಲಿನ ಮುಲಾಮು, ಇನ್ನೊಬ್ಬರ ಮಾವನಿಗೆ ಶೇವಿಂಗ್ ಮಷಿನ್. ಬರುವಾಗ ಆ ಅತ್ತೆ ಉಪ್ಪಿನಕಾಯಿ ಕೊಡುತ್ತಾರೆ, ಆ ಮಾವ ಹಪ್ಪಳ ಕೊಡುತ್ತಾನೆ. 'ಇಲ್ಲ' ಎನ್ನುವ ಹಾಗಿಲ್ಲ; ನಾಳೆ ನಮ್ಮ ಪಾರ್ಸೆಲ್ ಹೊರುವವರು ಅವರೇ. ಹೀಗೆ ಪ್ರತಿ ವರ್ಷವೂ ನನ್ನ ರಜೆ ಹುಬ್ಬಳ್ಳಿ, ಉಡುಪಿ, ಭಟ್ಕಳಗಳ ನಡುವೆ ಹಂಚಿಹೋಗಿ, ನಾನು ಹೆಚ್ಚು ಸುಸ್ತಾಗಿ ಕೆಲಸಕ್ಕೆ ಮರಳುತ್ತಿದ್ದೆ. ಜನ್ಮದಲ್ಲಿ ಒಂದೇ ಒಂದು ರಜೆಯಾದರೂ ನನ್ನದಾಗಿರಬೇಕು! ಅದಕ್ಕಾಗಿ ನಮ್ಮವರ ಪೈಕಿ ಯಾರ ಅತ್ತೆಯೂ ಇಲ್ಲದ ದೇಶವೊಂದು ಬೇಕಿತ್ತು. ಭೂಪಟದ ಮೇಲೆ ಬೆರಳಿಟ್ಟೆ. ಜಮೈಕಾ!

"ಭಾರತೀಯರಿಗೆ ವೀಸಾನೇ ಬ್ಯಾಡ," ಎಂದೆ ಹೆಂಡತಿ ಸುನಂದಾಗೆ. "ಕಿಂಗ್‌ಸ್ಟನ್ನಿನಾಗ ಇಳಿಯೂದು. ನೀಲಿ ಬೆಟ್ಟ ಹತ್ತೂದು. ಅಲ್ಲಿಂದ ಪೋರ್ಟ್ ಆಂಟೋನಿಯೊ, ಆಮ್ಯಾಲೆ ನೆಗ್ರಿಲ್. ಸಿಕ್ಕ ಬಸ್ಸು, ಸಿಕ್ಕ ಊಟ. ಯಾರ ಹಂಗೂ ಇಲ್ಲ. ನೀನೂ ಬಾ."

"ನಾ ಬೆನ್ನಮ್ಯಾಲ ಚೀಲ ಹೊತ್ತು ಎಲ್ಲಿಗೂ ಬರಂಗಿಲ್ಲ," ಎಂದಳು. "ಹುಡುಗೀದು ಪರೀಕ್ಷಾ ಐತಿ. ನೀವ ಹೋಗಿ ಬರ್ರಿ. ಅಲ್ರೀ, ಆಜೂಬಾಜೂದ ಅಂಗಡಿಗೆ ಕೊತ್ತಂಬರಿ ತರಾಕ ಹೋದ್ರ ಪುದೀನಾ ತರ್ತೀರಿ. ಅಷ್ಟು ದೂರ ಒಬ್ಬರ ಹೋಗಾಕ ಎಲ್ಲಾ ಸರಿಯಾಗಿ ನೋಡೀರೇನು?"

"ಎಲ್ಲಾ ನೋಡೇನಿ. ಟಿಕೆಟ್ ತಗೊಳ್ಳೂದಕ್ಕಿಂತ ಮೊದಲ ಇದೇ ಸೋಫಾದ ಮ್ಯಾಲೆ ಕುಂತು, ದಾರಿ ಯಾವುದು, ವಿಮಾನ ಎಲ್ಲಿ ಬದಲಾಗತೈತಿ, ಅಲ್ಲಿ ನಿಯಮ ಏನು, ಎಲ್ಲಾ ಓದೇನಿ. ಕಣ್ಣಿಗೆ ಕಟ್ಟಿಧಂಗ ನೆನಪೈತಿ. ಕೈಯಾಗ ಹಸಿರು ಕಪ್ಪಿನಾಗ ಚಹಾ ಇತ್ತು."

"ಹಸಿರು ಕಪ್ಪಾ?" ಎಂದು ಸುನಂದಾ ಹುಬ್ಬೇರಿಸಿದಳು. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು.

ಬಂದವರು ಮೇಲಿನ ಮಹಡಿಯ ಸುಜಾತಾ ಶೆಟ್ಟಿ. ಅವರ ಕೈಯಲ್ಲಿ ಕೂಸನ್ನು ಎತ್ತಿಕೊಂಡ ಹಾಗೆ ಒಂದು ದೊಡ್ಡ ಪೊಟ್ಟಣವಿತ್ತು.

"ದೇಸಾಯರೆ, ಜಮೈಕಕ್ಕೆ ಹೋಗ್ತೀರಂತಲ್ಲ! ನನ್ನ ತಮ್ಮ ಅಲ್ಲೇ ಇರುದು ಮಾರಾಯ್ರೆ, ಕಿಂಗ್‌ಸ್ಟನ್ನಲ್ಲಿ. ಮೆಡಿಕಲ್ ಕಾಲೇಜಲ್ಲಿ ಪಾಠ ಮಾಡುದು. ಪಾಪ, ಕೋರಿರೊಟ್ಟಿ ತಿನ್ನದೆ ಸೊರಗಿ ಹೋಗಿದ್ದಾನೆ."

ಕೋರಿರೊಟ್ಟಿಯ ಬಗ್ಗೆ ಒಂದು ಮಾತು. ಕೋಳಿಸಾರಿನಲ್ಲಿ ನೆನೆಸಿ ತಿನ್ನುವ ಈ ಒಣ ಅಕ್ಕಿರೊಟ್ಟಿ ಹಪ್ಪಳಕ್ಕಿಂತ ತೆಳ್ಳಗೆ, ತಟ್ಟೆಗಿಂತ ಅಗಲ. ಜೋರಾಗಿ ಉಸಿರು ಬಿಟ್ಟರೂ ಮುರಿಯುತ್ತದೆ.

"ಅಕ್ಕಾರ, ನಾನು ಬೆನ್ನಿನ ಚೀಲದಾಗ..." ಎಂದು ತೊಡಗಿದೆ.

"ನೀವೇ ಹೇಳಿದ್ದಲ್ವ ಮೊನ್ನೆ ಲಿಫ್ಟಲ್ಲಿ, ಎಂತ ಇದ್ರೂ ಕೊಡಿ ಅಂತ!"

ನಾನು ಹಾಗೆ ಹೇಳಿದ್ದೆನೆ? ಖಂಡಿತಾ ಇಲ್ಲ. ಇಲ್ಲವೆಂದು ನನಗೆ ಸ್ಪಷ್ಟ ನೆನಪಿತ್ತು. ಬಾಯಿ ತೆರೆದೆ.

"ನೆನಪಂದ್ರೆ ಕಾದಂಬರಿಕಾರ ಅಂತ ನೀವೇ ಹೇಳುದು," ಎಂದರು ಸುಜಾತಾ, ಪೊಟ್ಟಣವನ್ನು ನನ್ನ ತೋಳಿಗೆ ಇಳಿಸುತ್ತ. "ಪುಡಿ ಆಗ್ಬಾರ್ದು, ಆಯ್ತಾ?"

ಜಗತ್ತಿನ ವಸ್ತುಗಳನ್ನು ಒಡೆದು ಅನ್ನ ತಿನ್ನುವವನಿಗೆ ಇದಕ್ಕಿಂತ ಘೋರವಾದ ಜವಾಬ್ದಾರಿ ಇನ್ನೊಂದಿಲ್ಲ. ಹೂಂ ಎಂದೆ.

ಚೀಲ ಕೊಳ್ಳಲು ದುಬೈಗೆ, ನೈಫ್ ಬಜಾರಿಗೆ ಹೋದೆ. ಭಟ್ಕಳದ ಇರ್ಫಾನ್ ಸಾಹೇಬರ ಬ್ಯಾಗಿನ ಅಂಗಡಿ ಅಲ್ಲಿದೆ. ಅವರ ಪಾರ್ಸೆಲ್‌ಗಳನ್ನು ನಾನೂ, ನನ್ನವನ್ನು ಅವರ ಕಡೆಯವರೂ ಎಷ್ಟು ಸಲ ಹೊತ್ತಿದ್ದೇವೋ ದೇವರೇ ಬಲ್ಲ.

"ಬೆನ್ನಿಗೆ ಹಾಕುದು ಸ್ಕೂಲ್ ಮಕ್ಳು ಸಾರ್," ಎಂದರು ಸಾಹೇಬರು, ನನ್ನ ಹೊಟ್ಟೆಯ ಕಡೆ ನೋಡುತ್ತ. "ನಿಮಗೆ ಟ್ರಾಲಿ ಚಂದ."

"ಇಲ್ಲ ಸಾಹೇಬರೇ. ಇದು ಸ್ವತಂತ್ರ ಪ್ರವಾಸ."

"ಹಾಗಾರೆ ಇದು ತಕೊಳ್ಳಿ." ನೇರಳೆ ಬಣ್ಣದ ಒಂದು ಚೀಲ ಇಳಿಸಿದರು. ಅದಕ್ಕೆ ಎಷ್ಟು ಪಟ್ಟಿ, ಎಷ್ಟು ಕೊಂಡಿ! ಹಾಕಿಕೊಂಡಾಗ ನನ್ನನ್ನು ಯಾರೋ ಬಂಧಿಸಿದ ಹಾಗಾಯಿತು. "ಎಲ್ಲಿಗೆ ಸಾರ್ ಸವಾರಿ?"

ಹೇಳಬಾರದಿತ್ತು. ಹೇಳಿದೆ.

ಸಾಹೇಬರ ಮುಖ ಅರಳಿತು. "ಜಮೈಕಾ! ನಮ್ಮ ತಂಗಿಯ ಅಳಿಯ ಮಾಂಟೆಗೊ ಬೇಯಲ್ಲಿ ಅಂಗಡಿ ಇಟ್ಟಿದ್ದಾನೆ ಸಾರ್. ಸ್ವಲ್ಪ ಹಲ್ವಾ, ಎರಡು ಲುಂಗಿ. ಖಲಾಸ್! ಹೋದ ರಮಝಾನಲ್ಲಿ ನೀವೇ ಹೇಳಿದ್ರಿ, ಲೋಕದ ಯಾವ ಮೂಲೆಗೆ ಹೋದ್ರೂ ನಿಮ್ಮ ಸಾಮಾನು ನನ್ನದು ಅಂತ."

ಇದನ್ನೂ ನಾನು ಹೇಳಿರಲಿಲ್ಲ. ಆದರೆ ಇಫ್ತಾರ್ ಊಟದ ನಂತರ ಮನುಷ್ಯ ಏನು ಹೇಳುತ್ತಾನೆಂದು ಯಾವ ಪ್ರಯೋಗಾಲಯ ತಾನೆ ಖಚಿತಪಡಿಸೀತು? ಅಲ್ಲದೆ ಮಾಂಟೆಗೊ ಬೇ ನನ್ನ ದಾರಿಯಲ್ಲೇ ಇರಲಿಲ್ಲ. ಈಗ ಬಂತು.

ಮನೆಗೆ ಬಂದಾಗ ಸುನಂದಾ ಶೇಂಗಾ ಚಟ್ನಿಪುಡಿ ಕುಟ್ಟುತ್ತಿದ್ದಳು.

"ಯಾರಿಗಿದು?"

"ಗೀತಾಗ. ನನ್ನ ಕೂಡ ಹುಬ್ಬಳ್ಳ್ಯಾಗ ಕಲಿತಾಕಿ. ಅಕೀ ಗಂಡ ಜಮೈಕಾದಾಗ ಡಾಕ್ಟರ್ ಅಂತ. ಮ್ಯಾಂಡೆವಿಲ್ ಅಂತ ಊರು. ನಿನ್ನೆ ರಾತ್ರಿ ಫೇಸ್‌ಬುಕ್ಕಿನಾಗ ಸಿಕ್ಕಳು."

ನಮ್ಮವರಿಲ್ಲದ ದೇಶವೆಂದು ಆರಿಸಿದ ದ್ವೀಪದಲ್ಲಿ ನಮ್ಮವರು ದಿಕ್ಕಿಗೊಬ್ಬರಂತೆ ಕಾವಲು ನಿಂತಿದ್ದರು. ನೀಲಿ ಬೆಟ್ಟವನ್ನು ಪ್ರವಾಸದಿಂದ ತೆಗೆದೆ. ಪೋರ್ಟ್ ಆಂಟೋನಿಯೊವನ್ನು ತೆಗೆದೆ. ನೆಗ್ರಿಲ್ಲಿನ ಸಮುದ್ರಕ್ಕೆ ಒಂದು ಮಧ್ಯಾಹ್ನ ಉಳಿಯಿತು; ಅದೂ ಗೀತಾಳ ಮನೆಯಲ್ಲಿ ಊಟ ಬೇಗ ಮುಗಿದರೆ. ಸ್ವತಂತ್ರ ಪ್ರವಾಸಿಯ ಬೆನ್ನಿನ ಚೀಲದ ಜೊತೆಗೆ ಒಂದು ಟ್ರಾಲಿಯೂ ಸೇರಿತು.

ಮಗಳು ಇಂಚರಾ ಪುಸ್ತಕದಿಂದ ತಲೆಯೆತ್ತಿ, "ಅಪ್ಪಾ, ಯು ಆರ್ ನಾಟ್ ಅ ಬ್ಯಾಕ್‌ಪ್ಯಾಕರ್. ಯು ಆರ್ ಅ ಕುರಿಯರ್," ಎಂದಳು. ಅವಳ ಪರೀಕ್ಷೆ ಚೆನ್ನಾಗಿ ಆಗುತ್ತದೆಂದು ನನಗೆ ಆಗಲೇ ಖಾತ್ರಿಯಾಯಿತು.

ಹೊರಡುವ ದಿನ ದುಬೈ ವಿಮಾನ ನಿಲ್ದಾಣದಲ್ಲಿ ನನ್ನನ್ನು ಬೀಳ್ಕೊಡಲು ಒಂದು ಸಣ್ಣ ಸಮ್ಮೇಳನವೇ ಸೇರಿತ್ತು. ಶೆಟ್ಟಿ ದಂಪತಿ ತಮ್ಮ ಕಾರಿನಲ್ಲಿ ನಮ್ಮನ್ನು ಕರೆತಂದಿದ್ದರು. ದಾರಿಯುದ್ದಕ್ಕೂ ಕೋರಿರೊಟ್ಟಿ ನನ್ನ ತೊಡೆಯ ಮೇಲಿತ್ತು, ನನ್ನ ಮಗಳಿಗೆ ಸೀಟ್ ಬೆಲ್ಟ್ ಹಾಕಿದೆಯೇ ಎಂದು ಯಾರೂ ಕೇಳಲಿಲ್ಲ. ಇರ್ಫಾನ್ ಸಾಹೇಬರು ಕೊನೆಯ ಗಳಿಗೆಯಲ್ಲಿ ಓಡಿ ಬಂದು, "ಇದೊಂದು ಅತ್ತರು ಸಾರ್, ಭಾರ ಏನಿಲ್ಲ," ಎಂದು ನನ್ನ ಜೇಬಿಗೇ ತುರುಕಿದರು. ನೇರಳೆ ಚೀಲದ ಎಲ್ಲ ಪಟ್ಟಿಗಳನ್ನೂ ಬಿಗಿದುಕೊಂಡು, ದಂಡಯಾತ್ರೆಗೆ ಹೊರಟ ಸೇನಾಪತಿಯಂತೆ ಕೈಬೀಸಿ, ಕೌಂಟರಿನತ್ತ ನಡೆದೆ.

ಕೌಂಟರಿನ ಹುಡುಗಿ ಪಾಸ್‌ಪೋರ್ಟಿನ ಹಾಳೆಗಳನ್ನು ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ ಮಗುಚಿದಳು.

"ಅಮೆರಿಕದ ವೀಸಾ ಎಲ್ಲಿದೆ ಸರ್?"

ನಾನು ಕರುಣೆಯಿಂದ ನಕ್ಕೆ. "ನಾನು ಹೋಗುತ್ತಿರುವುದು ಜಮೈಕಾಕ್ಕೆ. ಅಲ್ಲಿಗೆ ವೀಸಾ ಬೇಡ."

"ಜಮೈಕಾಕ್ಕೆ ಬೇಡ ಸರ್. ಆದರೆ ನಿಮ್ಮ ವಿಮಾನ ಬದಲಾಗುವುದು ಅಮೆರಿಕದಲ್ಲಿ."

"ನಾನು ಅಲ್ಲಿ ಹೊರಗೆ ಕಾಲಿಡುವುದಿಲ್ಲ. ಸುಮ್ಮನೆ ಒಂದು ಕುರ್ಚಿಯಲ್ಲಿ ಕುಳಿತು, ಎದ್ದು ಹೋಗುತ್ತೇನೆ."

"ಆ ಕುರ್ಚಿಯಲ್ಲಿ ಕೂರುವುದಕ್ಕೂ ವೀಸಾ ಬೇಕು ಸರ್."

ಜಮೈಕಾ ನನ್ನನ್ನು ಬಾಗಿಲು ತೆರೆದು ಕರೆಯುತ್ತಿತ್ತು. ಆದರೆ ಅದರ ಅಂಗಳದಲ್ಲಿ ಅಮೆರಿಕ ಮಲಗಿತ್ತು! ನಾನು ನಿಯಮ ಓದಿದ್ದೇನೆ, ಟಿಕೆಟ್ ಮಾಡುವ ಮೊದಲೇ ಓದಿದ್ದೇನೆ, ಎಂದು ವಾದಿಸಿದೆ. ಅವಳು ತನ್ನ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿದಳು. ನಾನು ಓದಿದ್ದಕ್ಕೆ ತದ್ವಿರುದ್ಧವಾದದ್ದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ನನ್ನ ಹಿಂದೆ ಸಾಲು ಕೆಮ್ಮತೊಡಗಿತು.

ತಿರುಗಿ ನೋಡಿದರೆ ಬೀಳ್ಕೊಡುಗೆಯ ಸಮ್ಮೇಳನ ಇನ್ನೂ ಕೈಬೀಸುತ್ತಲೇ ಇತ್ತು. ನಾನು ಹತ್ತಿರ ಬಂದಂತೆಲ್ಲ ಕೈಗಳು ಒಂದೊಂದಾಗಿ ಇಳಿದವು.

"ಏನು ಮರತ್ರಿ?" ಎಂದಳು ಸುನಂದಾ.

"ಅಮೆರಿಕಾ," ಎಂದೆ.

ಕೌಂಟರಿನಲ್ಲಿ ನಡೆದದ್ದನ್ನು ಹೇಳಿದೆ. ಹೇಳಿ ಮುಗಿದ ಮೇಲೂ, "ಓದೇನಿ ಸುನಂದಾ. ಸೋಫಾದ ಮ್ಯಾಲೆ ಕುಂತಿದ್ದೆ. ಕೈಯಾಗ ಹಸಿರು ಕಪ್ಪಿತ್ತು," ಎಂದು ಗೊಣಗುತ್ತಿದ್ದೆ.

"ಹಸಿರು ಕಪ್ಪು ದೀಪಾವಳಿಗೇ ಒಡದೈತ್ರೀ," ಎಂದಳು ಅವಳು. "ನೀವ ಒಡದ್ರಿ. ಜಮೈಕಾ ನಿಮ್ಮ ತಲ್ಯಾಗ ಹೊಕ್ಕಿದ್ದು ಹೊಸ ವರ್ಷಕ್ಕ. ಅವತ್ತ ಹೇಳಾಕ ಹೊಂಟಿದ್ದೆ, ಬಾಗಿಲ ಸದ್ದಾತು."

ಊರಿಗೆಲ್ಲ ಉಪನ್ಯಾಸ ಕೊಟ್ಟವನು ನಾನು. ಹೇಳದ ಮಾತುಗಳನ್ನೆಲ್ಲ ಹೇಳಿರಬಹುದೆಂದು ವಿನಯದಿಂದ ಒಪ್ಪಿಕೊಂಡವನು. ಅಷ್ಟೆಲ್ಲ ನೆನಪುಗಳ ನಡುವೆ ಒಂದನ್ನು ಮಾತ್ರ ನಂಬಿದ್ದೆ. ಅದೊಂದೇ ಸುಳ್ಳಾಗಿತ್ತು!

ಸುಜಾತಾ ಶೆಟ್ಟಿ ನನ್ನ ಭುಜ ಮುಟ್ಟಿದರು. ಸಮಾಧಾನ ಹೇಳುತ್ತಾರೆಂದುಕೊಂಡೆ.

"ಹೇಗೂ ನಿಮಗೆ ರಜೆ ಉಂಟಲ್ಲ ದೇಸಾಯರೆ. ಇಲ್ಲೇ ಮುಹೈಸ್ನಾದ ಲೇಬರ್ ಕ್ಯಾಂಪಲ್ಲಿ ನನ್ನ ಚಿಕ್ಕಪ್ಪನ ಮಗ ಇದ್ದಾನೆ. ರೊಟ್ಟಿ ಅವನಿಗೆ ಮುಟ್ಟಿಸಿ ಬಿಡಿ. ಹೇಗೂ ಚೀಲ ಬೆನ್ನಲ್ಲೇ ಉಂಟು."

"ಮಾಫಿ ಮುಷ್ಕಿಲ್ ಸಾರ್, ಏನೂ ತೊಂದರೆ ಇಲ್ಲ," ಎಂದರು ಇರ್ಫಾನ್ ಸಾಹೇಬರು. "ಲುಂಗಿ, ಅತ್ತರು ಶಾರ್ಜಾದಲ್ಲಿ ನಮ್ಮ ಭಾವನಿಗೆ ಕೊಡಿ. ಹಲ್ವಾ ಮಾತ್ರ ನೀವೇ ಇಟ್ಟುಕೊಳ್ಳಿ. ಪ್ರಯಾಣಕ್ಕೆ ಅಂತ ಹೊರಟ ಹಲ್ವಾ ನಾನು ವಾಪಸ್ ತಕೊಳ್ಳುದಿಲ್ಲ."

ಹೀಗೆ ನನ್ನ ಸ್ವತಂತ್ರ ಪ್ರವಾಸ ಪ್ರಾರಂಭವಾಯಿತು.

ಮುಹೈಸ್ನಾ ತಲುಪುವಷ್ಟರಲ್ಲಿ ಕೋರಿರೊಟ್ಟಿ ಹಿಟ್ಟಾಗಿತ್ತು. ಚಿಕ್ಕಪ್ಪನ ಮಗ ಪೊಟ್ಟಣವನ್ನು ಅಲ್ಲಾಡಿಸಿ, ಮರಳಿನಂಥ ಸದ್ದು ಕೇಳಿ, "ಪರ್ವಾಗಿಲ್ಲ ಸಾರ್, ಪುಡಿ ಮಾಡುವ ಕೆಲಸ ಉಳೀತು," ಎಂದ. ಆಮೇಲೆ ಸಂಕೋಚದಿಂದ, "ಶಾರ್ಜಾಕ್ಕೆ ಹೋಗ್ತೀರಲ್ಲ, ಅಲ್ಲಿ ನನ್ನ ಫ್ರೆಂಡಿಗೆ ಒಂದು ಇಸ್ತ್ರಿಪೆಟ್ಟಿಗೆ..." ಎಂದ. ಶಾರ್ಜಾದ ಭಾವ ಲುಂಗಿ ತೆಗೆದುಕೊಂಡು ಅಜ್ಮಾನಿಗೆ ಖರ್ಜೂರ ಕೊಟ್ಟರು. ಅಜ್ಮಾನಿನವರು ಅಬುಧಾಬಿಗೆ ಕುಕ್ಕರ್ ಕೊಟ್ಟರು. ಸಿಕ್ಕ ಬಸ್ಸು ಹತ್ತಿದೆ, ಸಿಕ್ಕ ಊಟ ಮಾಡಿದೆ. ಒಂದು ಬಸ್ಸಿನಲ್ಲಿ ಗಡ್ಡಬಿಟ್ಟ ಬಿಳಿಯನೊಬ್ಬ ಇಂಥದೇ ಚೀಲ ಹೊತ್ತು ಕುಳಿತಿದ್ದ. ಅವನು ನನ್ನನ್ನು ನೋಡಿ ಸೋದರಭಾವದಿಂದ ತಲೆಯಾಡಿಸಿದ. ನಾನೂ ಗಂಭೀರವಾಗಿ ಆಡಿಸಿದೆ. ನನ್ನ ಚೀಲದಿಂದ ಶೇಂಗಾ ಚಟ್ನಿಯ ವಾಸನೆ ಬರುತ್ತಿತ್ತು.

ರಜೆ ಮುಗಿಯಿತು. ರಜೆಯಿಂದ ಬಂದವರು ಊರಿನ ಸಿಹಿ ತಂದು ಹಂಚುವುದು ನಮ್ಮ ಕಚೇರಿಯ ಪದ್ಧತಿ. ನನ್ನಲ್ಲಿ ಉಳಿದಿದ್ದದ್ದು ಭಟ್ಕಳದ ಹಲ್ವಾ. ನಡೆದದ್ದನ್ನೆಲ್ಲ ಹೇಳಿ ಎಲ್ಲರನ್ನೂ ನಗಿಸಬೇಕೆಂದುಕೊಂಡೇ ಡಬ್ಬಿ ತೆರೆದೆ. ಕೇರಳದ ಜೋಸ್ ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ.

"ಜಮೈಕಾದವರೂ ತೆಂಗಿನೆಣ್ಣೆ ಹಾಕುತ್ತಾರಾ! ಹೇಗಿತ್ತು ಸಾರ್, ಜಮೈಕಾ?"

ಎಲ್ಲರೂ ಕಾಂಕ್ರೀಟ್ ತುಂಡುಗಳನ್ನು ಕೆಳಗಿಟ್ಟು ನನ್ನತ್ತ ತಿರುಗಿದರು. ಸತ್ಯ ಹೇಳಲೆಂದೇ ಬಾಯಿ ತೆರೆದೆ. ಆದರೆ ಅಷ್ಟು ವಾರ ಓದಿ, ಚಿತ್ರ ನೋಡಿ ಗುರುತು ಮಾಡಿಕೊಂಡಿದ್ದ ಆ ನೀಲಿ ಬೆಟ್ಟ ಕಣ್ಣ ಮುಂದೆ ಬಂದು ನಿಂತಿತು. ನಾನು ಹತ್ತಿದ ದಾರಿ, ಮಂಜು, ಕಾಫಿ ಗಿಡಗಳ ನಡುವೆ ಇಳಿಯುವ ಬಿಸಿಲು, ದೂರದಲ್ಲಿ ಸಮುದ್ರ. ಎಲ್ಲವನ್ನೂ ಹೇಳಿದೆ. ಜೋಸನಿಗೆ ಮಾತ್ರ ಸ್ವಲ್ಪ ಅನುಮಾನ ಬಂದಂತಿತ್ತು.

"ನಿಜವಾಗಿಯೂ ತುದಿ ತನಕ ಹತ್ತಿದಿರಾ ಸಾರ್?"

"ಅನುಮಾನವೇ ಇಲ್ಲ," ಎಂದೆ. "ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ತುದಿಯಲ್ಲಿ ಕುಳಿತು ಕಾಫಿ ಕುಡಿದೆ. ಹಸಿರು ಕಪ್ಪಿನಲ್ಲಿ."